ಇಪ್ಪತ್ತೈದು–ಇಪ್ಪತ್ನಾಲ್ಕು

"ಆಂಟಿ, ನಾನು ಒಳಗೆ ಬರಲ್ಲ. ನಾಲ್ಕು ಜನಕ್ಕೆ ನೆಗಡಿ ಹಿಡ್ದಿದೆ. ನಂಗೂ ಗಂಟ್ಲು ಕೆರೀತಿದೆ," ಎಂದಳು ಏಣಿ, ಗೇಟಿನ ಆಚೆಯೇ ನಿಂತು.

ಪಿನ್ನುವಿನ ತಾಯಿ ಕೈಯಲ್ಲಿದ್ದ ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟಳು. "ಆಟ ಏನಾಯ್ತು?"

ಏಣಿ ತಲೆ ಅಲ್ಲಾಡಿಸಿದಳು. ಶಾಲೆಯ ವಾಲಿಬಾಲ್ ತಂಡದ ಕ್ಯಾಪ್ಟನ್ ಅವಳು. ಹದಿನಾಲ್ಕು ತುಂಬುವ ಮೊದಲೇ ಬಾಗಿಲಿಗೆ ತಲೆ ಬಗ್ಗಿಸಿ ನಡೆಯುವಷ್ಟು ಉದ್ದವಾಗಿದ್ದರಿಂದ ತಂಡದವರು ಏಣಿ ಎಂದು ಹೆಸರಿಟ್ಟಿದ್ದರು. ಈಗ ಅವಳ ಮನೆಯಲ್ಲೂ ಹಾಗೆಯೇ ಕರೆಯುತ್ತಾರಂತೆ. "ಈ ಸಲಾನೂ ಹೋಯ್ತು ಆಂಟಿ. ಪಿನ್ನುಗೆ ನೀವೇ ಏನಾದ್ರೂ ಹೇಳ್ಬಿಡಿ. ಗೆದ್ವಿ ಅಂತ."

"ಎಷ್ಟಕ್ಕೆ ಅಂತ ಹೇಳ್ಲಿ?"

"ಏನೋ ಒಂದು ಹೇಳಿ," ಎಂದು ಏಣಿ ಸೈಕಲ್ ಹತ್ತಿದಳು. ಪೆಡಲ್ ತುಳಿಯುವಾಗಲೂ ಅವಳ ಹೆಗಲು ಕುಸಿದೇ ಇತ್ತು.

ಪಿನ್ನು ಎಂದರೆ ಈ ಮನೆಯ ಮಗಳು. ಪೂರ್ತಿ ಹೆಸರು ಗುಂಡುಪಿನ್ನು, ಅದೂ ತಂಡದವರೇ ಕೊಟ್ಟಿದ್ದು. ನೋಡಲು ಇಷ್ಟೇ ಇಷ್ಟು, ಆದರೆ ಚುಚ್ಚಿದರೆ ಗೊತ್ತಾಗುತ್ತದೆ. ಎಂಟು ತಿಂಗಳ ಹಿಂದಿನವರೆಗೆ ಅವಳೇ ತಂಡದ ಸೆಟ್ಟರ್. ಹೊಡೆಯುವವರಿಗೆ ಚೆಂಡನ್ನು ಹದವಾಗಿ ಮೇಲೆತ್ತಿ ಕೊಡುವ ಕೆಲಸ ಅವಳದು. ಆಮೇಲೆ ಒಂದು ದಿನ ಮೂಗಿನಲ್ಲಿ ರಕ್ತ ಬಂದದ್ದು ನಿಲ್ಲಲಿಲ್ಲ. ರಕ್ತದ ಕ್ಯಾನ್ಸರ್ ಎಂದರು.

ಅಂದಿನಿಂದ ತಂಡ ಈ ಮನೆಯನ್ನು ಬಿಟ್ಟಿರಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಯಾರಾದರೂ ಆಟಗಾರ್ತಿಯ ಮನೆಯಿಂದ ಕಾರು ಬರುತ್ತಿತ್ತು. ರಕ್ತ ಬೇಕೆಂದಾಗ ಅಪ್ಪಂದಿರು ತೋಳು ಮಡಚಿಕೊಂಡು ಸಾಲಾಗಿ ನಿಂತಿದ್ದರು. ಪ್ರತಿ ಭಾನುವಾರ ಮ್ಯಾಚು ಮುಗಿಸಿ ಹನ್ನೊಂದು ಹುಡುಗಿಯರೂ ಬೆವರಿದ ಸಮವಸ್ತ್ರದಲ್ಲೇ ಬಂದು, ಅಂಗಳದ ನಲ್ಲಿಯಲ್ಲಿ ಕೈ ತೊಳೆದು, ಮಾಸ್ಕು ಏರಿಸಿ, ಮಗಳ ಕೋಣೆಯ ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ಕಿಟಕಿಗೆ ಇಬ್ಬರಿಗಿಂತ ಹೆಚ್ಚು ಜನ ಬೇಡ ಎಂದು ಡಾಕ್ಟರು ಹೇಳಿದ್ದಕ್ಕೆ ಅವರು ತಮ್ಮದೇ ಉಪಾಯ ಹುಡುಕಿಕೊಂಡಿದ್ದರು. ಏಣಿ "ರೊಟೇಷನ್" ಎಂದರೆ ಸಾಕು, ಅಂಕಣದಲ್ಲಿ ಜಾಗ ಬದಲಿಸುವ ಹಾಗೆಯೇ ಎಲ್ಲರೂ ಗಡಿಯಾರದ ಮುಳ್ಳಿನಂತೆ ಒಂದೊಂದು ಹೆಜ್ಜೆ ಸರಿಯುವರು, ಹೊಸ ಇಬ್ಬರು ಕಿಟಕಿಗೆ ಬರುವರು. ಹೂಕುಂಡಗಳನ್ನು ತಾಯಿ ಅದಕ್ಕೆಂದೇ ಗೋಡೆಯ ಪಕ್ಕಕ್ಕೆ ಸರಿಸಿದ್ದಳು.

ಇಷ್ಟೆಲ್ಲ ಮಾಡುವವರ ಬಗ್ಗೆ ಬೇಸರಪಡುವುದು ಪಾಪ ಎಂದು ಅವಳಿಗೆ ಗೊತ್ತಿತ್ತು. ಆದರೂ ಬೇಸರ ಬರುತ್ತಿತ್ತು. ಉಪಕಾರ ಮಾಡುವವರಿಗೆ ವಾರಕ್ಕೊಂದು ರಜೆ ಇರುತ್ತದೆ, ಮಾಡಿಸಿಕೊಳ್ಳುವವರಿಗೆ ಇರುವುದಿಲ್ಲ. ಕಾರು ತಂದವರ ಜೊತೆ ದಾರಿಯುದ್ದಕ್ಕೂ ಮಾತಾಡಬೇಕು. ಹನ್ನೊಂದು ಜನಕ್ಕೆ ನೀರು ಕೊಡಬೇಕು. ದಿನಕ್ಕೆ ಇಪ್ಪತ್ತು ಸಲ "ತುಂಬಾ ಉಪಕಾರ ಆಯ್ತು" ಅನ್ನಬೇಕು, ಅದೂ ನಗುಮುಖದಲ್ಲಿ. ಹೋಟೆಲೊಂದರ ಲಾಂಡ್ರಿಯಲ್ಲಿ ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ ಹಾಸಿಗೆಬಟ್ಟೆ ಇಸ್ತ್ರಿ ಮಾಡುವವಳು ಅವಳು. ಕಾಲು ಮರಗಟ್ಟಿರುತ್ತಿತ್ತು. ಕೆಲವು ಸಲ ಮುಖವೂ ಮರಗಟ್ಟಿದ ಹಾಗೆ ಅನ್ನಿಸುತ್ತಿತ್ತು.

ಸುಳ್ಳು ಶುರುವಾಗಿದ್ದೂ ಇಂಥದೇ ಒಂದು ಆಯಾಸದ ಗಳಿಗೆಯಲ್ಲಿ. ಆರು ವಾರದ ಕೆಳಗೆ ಏಣಿ ಗೇಟಿನ ಹತ್ತಿರ ಅವಳನ್ನು ತಡೆದು, "ಆಂಟಿ, ಸೋತ್ವಿ. ಹೇಳೋದಾ?" ಎಂದು ಕೇಳಿದ್ದಳು. ಅಂದು ಮಗಳು ಬೆಳಗಿನಿಂದ ಏನು ಕುಡಿದರೂ ವಾಂತಿ ಮಾಡಿಕೊಂಡಿದ್ದಳು. "ಗೆದ್ವಿ ಅನ್ನಿ. ಯಾರ ಗಂಟು ಹೋಗುತ್ತೆ?" ಎಂದುಬಿಟ್ಟಿದ್ದಳು ತಾಯಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಲೋಕದಲ್ಲಿ ಇದೊಂದು ಯಾವ ಲೆಕ್ಕ ಎಂದು ಅವಳಿಗೆ ಆಗ ಅನ್ನಿಸಿತ್ತು. ಆ ದಿನ ಮಗಳು ಅರ್ಧ ಬಟ್ಟಲು ಸೂಪು ಕುಡಿದಿದ್ದಳು ಕೂಡ. ಮುಂದಿನ ವಾರ ಏಣಿ ಕೇಳಲೇ ಇಲ್ಲ, ತಾನಾಗೇ ಗೆದ್ವಿ ಎಂದಳು.

ಈಗ ಒಳಗೆ ಹೋಗುವ ಮೊದಲು ತಾಯಿ ಬಾಗಿಲಲ್ಲಿ ನಿಂತು ಒಂದು ಅಂಕಿ ಯೋಚಿಸಿದಳು. ವಾಲಿಬಾಲ್ ಎಂದರೆ ಅವಳ ಪಾಲಿಗೆ ಕೋಣನ ಮುಂದೆ ಕಿನ್ನರಿ. ಇಪ್ಪತ್ತೈದಕ್ಕೆ ಮುಗಿಯುತ್ತದೆ ಎನ್ನುವುದಷ್ಟೇ ಕಿವಿಗೆ ಬಿದ್ದಿತ್ತು. ಸುಲಭದ ಗೆಲುವು ಹೇಳಿದರೆ ಮಗಳಿಗೆ ರುಚಿಸುವುದಿಲ್ಲ, ಕಷ್ಟಪಟ್ಟು ಗೆದ್ದರೆ ಖುಷಿ ಎಂದು ಅವಳಿಗೆ ತೋಚಿತು.

"ಅವ್ರಿಗೆಲ್ಲ ನೆಗಡಿಯಂತೆ, ಬರಲ್ವಂತೆ. ಏಣಿ ಬಂದು ಹೇಳಿ ಹೋದ್ಲು," ಎಂದಳು ಕೋಣೆಗೆ ಬಂದು. "ಗೆದ್ರಂತೆ. ಇಪ್ಪತ್ತೈದು–ಇಪ್ಪತ್ನಾಲ್ಕು."

ದಿಂಬಿಗೊರಗಿದ್ದ ಮಗಳು ತಲೆಯೆತ್ತಿದಳು. ಕೂದಲಿಲ್ಲದ ತಲೆಗೆ ಕಟ್ಟಿದ್ದ ನೀಲಿ ಬಟ್ಟೆ ಓರೆಯಾಗಿತ್ತು. "ಯಾವ ಸೆಟ್ಟು?"

"ಎಲ್ಲಾ ಸೆಟ್ಟೂ."

"ಎಲ್ಲಾ ಸೆಟ್ಟೂ ಇಪ್ಪತ್ತೈದು–ಇಪ್ಪತ್ನಾಲ್ಕಾ?"

"ಹೂಂ. ಜೋರಾಗಿತ್ತಂತೆ ಆಟ."

ಮಗಳು ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಆಮೇಲೆ ಕಿಟಕಿಯ ಕಡೆ ನೋಡತೊಡಗಿದಳು. ಹೇಳಿದ್ದು ನಾಟಿತು ಎಂದುಕೊಂಡು ತಾಯಿ ಬಕೆಟ್ಟು ತರಲು ಹೋದಳು.

ಊಟವಾದ ಮೇಲೆ ಅವಳು ಮಂಚದ ತುದಿಯಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಾಗ ಮಗಳು ನಿಧಾನವಾಗಿ ಹೇಳಿದಳು. "ಅಮ್ಮ, ವಾಲಿಬಾಲಲ್ಲಿ ಎರಡು ಪಾಯಿಂಟ್ ಮುಂದಿರ್ಬೇಕು. ಇಪ್ಪತ್ನಾಲ್ಕು–ಇಪ್ಪತ್ನಾಲ್ಕು ಆದ್ರೆ ಇಪ್ಪತ್ತಾರರ ತನಕ ಹೋಗ್ಬೇಕು. ಇಪ್ಪತ್ತೈದು–ಇಪ್ಪತ್ನಾಲ್ಕಕ್ಕೆ ಆಟ ಮುಗಿಯಲ್ಲ. ಯಾವತ್ತೂ ಮುಗಿಯಲ್ಲ."

"ಹೌದಾ? ಏಣಿ ಏನೋ ಅಂದ್ಲಪ್ಪ, ನಂಗೆ ಸರಿಯಾಗಿ ನೆನಪಿಲ್ಲ."

"ಅಮ್ಮ, ಗೆದ್ರಾ?"

ತಾಯಿಯ ಕೈಯಲ್ಲಿ ದಿಂಬಿನ ಚೀಲವಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ನಾಲ್ಕು ಮಡಿಕೆ ಮಾಡಿದಳು. "ಇಲ್ಲ."

"ಹೋದ ವಾರ?"

"ಇಲ್ಲ."

"ಅದರ ಹಿಂದಿನ ವಾರ?"

"ನಾನೇನು ಲೆಕ್ಕ ಇಟ್ಕೊಂಡು ಕೂತಿದೀನಾ? ಸೋತಿದಾರೆ. ನಿಂಗೆ ಬೇಜಾರಾಗ್ಬಾರ್ದು ಅಂತ ಹೇಳ್ಲಿಲ್ಲ, ಅಷ್ಟೇ."

"ಹೇಳ್ಬೇಡಿ ಅಂದವ್ರು ಯಾರು?"

"ನಾನೇ."

ಮಗಳು ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಕಪ್ಪಾದ ಕೈ ಅದು. "ಹಾಗಾದ್ರೆ ನನ್ ರಿಪೋರ್ಟು?"

ಇದನ್ನು ಅವಳು ಕೇಳಬಹುದು ಎಂದು ತಾಯಿ ಎಣಿಸಿರಲಿಲ್ಲ. ಗುರುವಾರ ಲಾಂಡ್ರಿಯಲ್ಲಿದ್ದಾಗ ಆಸ್ಪತ್ರೆಯಿಂದ ಫೋನು ಬಂದಿತ್ತು. ಸೊಂಟದ ಮೂಳೆಗೆ ಸೂಜಿ ಹಾಕಿ ತೆಗೆದ ಮಜ್ಜೆಯ ಪರೀಕ್ಷೆ ಬಂದಿದೆ, ಕಾಯಿಲೆ ಮತ್ತೆ ಕಾಣಿಸಿಕೊಂಡಿದೆ, ಬರುವ ಗುರುವಾರ ತಂದೆತಾಯಿ ಇಬ್ಬರೂ ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು. ಇಸ್ತ್ರಿ ಯಂತ್ರದ ಆವಿಯ ನಡುವೆ ನಿಂತು ಅವಳು "ಸರಿ ಡಾಕ್ಟ್ರೇ" ಎಂದಿದ್ದಳು. ಮನೆಗೆ ಬಂದು ಮಗಳಿಗೆ, "ಎಲ್ಲಾ ಚೆನ್ನಾಗಿದೆಯಂತೆ, ಸುಮ್ನೆ ಒಂದ್ಸಲ ಬಂದು ಹೋಗಿ ಅಂದ್ರು" ಎಂದಿದ್ದಳು. ಈ ಸುತ್ತಿನ ಔಷಧವೇ ಕೊನೆಯದು, ಆಮೇಲೆ ಶಾಲೆ ಎಂದು ಮಗಳು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡಿದ್ದಳು.

"ಅದು ಬೇರೆ, ಇದು ಬೇರೆ," ಎಂದಳು ತಾಯಿ. "ಚೆನ್ನಾಗಿದೆ ಅಂತ ಅವತ್ತೇ ಹೇಳ್ಲಿಲ್ವಾ?"

"ಹೂಂ. ನೀನು ಹೇಳಿದ್ದೆ," ಎಂದು ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು.

ಸಂಜೆ ಬಸ್ಸಿನ ಕೆಲಸ ಮುಗಿಸಿ ಬಂದ ಗಂಡನಿಗೆ ಅವಳು ಅಡುಗೆಮನೆಯಲ್ಲಿ ಎಲ್ಲ ಹೇಳಿದಳು. ಹನ್ನೆರಡು ವರ್ಷದಿಂದ ಒಂದೇ ಮಾರ್ಗದ ಬಸ್ಸು ಓಡಿಸುವ ಮನುಷ್ಯ ಅವನು. ಮಾತು ಕಡಿಮೆ. ಬೂಟು ಬಿಚ್ಚುತ್ತ ಕೇಳಿಸಿಕೊಂಡ.

"ಹೇಳ್ಬಿಡೋಣ ರೀ," ಎಂದಳು.

"ಏನಂತ ಹೇಳ್ತೀಯ? ನಂಗೇ ಪೂರ್ತಿ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಗುರುವಾರದ ತನಕ ನೆಮ್ಮದಿಯಾಗಿರ್ಲಿ ಬಿಡು. ಡಾಕ್ಟ್ರು ಹೇಗೆ ಹೇಳ್ಬೇಕೋ ಹಾಗೆ ಹೇಳ್ತಾರೆ."

"ಅವಳು ನೆಮ್ಮದಿಯಾಗಿಲ್ಲ."

ಅವನು ಒಂದು ಬೂಟನ್ನು ಕೈಯಲ್ಲಿ ಹಿಡಿದು ಕೂತೇ ಇದ್ದ. "ನನ್ ಕೈಲಿ ಆಗಲ್ಲ," ಎಂದ ಕೊನೆಗೆ. ಅವಳ ಕೈಲೂ ಆಗುತ್ತಿರಲಿಲ್ಲ. ಹಾಗಾಗಿ ಒತ್ತಾಯ ಮಾಡಲಿಲ್ಲ.

ಸೋಮವಾರವೆಲ್ಲ ಮಗಳು ಏನನ್ನೂ ಕೇಳಲಿಲ್ಲ. ಅದನ್ನು ತಾಯಿಗೆ ತಡೆಯಲಾಗಲಿಲ್ಲ. ಈ ಎಂಟು ತಿಂಗಳೂ ಹುಡುಗಿ ಪ್ರಶ್ನೆ ಕೇಳಿ ಕೇಳಿ ತಲೆ ತಿಂದಿದ್ದಳು. ಈ ಮಾತ್ರೆ ಯಾಕೆ ಹಳದಿ, ಬಿಳಿ ಕಣ ಇವತ್ತು ಎಷ್ಟು, ನರ್ಸು ಯಾಕೆ ಹಾಗೆ ಮುಖ ಮಾಡಿದ್ದು. ಈಗ ಕೊಟ್ಟ ಮಾತ್ರೆಯನ್ನು ಹಿಂದು ಮುಂದು ನೋಡದೆ ನುಂಗಿ ಲೋಟ ವಾಪಸು ಕೊಟ್ಟಳು. ಅಪರಿಚಿತ ನರ್ಸಿನ ಜೊತೆಗೂ ಅವಳು ಇಷ್ಟು ವಿಧೇಯಳಾಗಿ ಇದ್ದದ್ದಿಲ್ಲ.

ಮಂಗಳವಾರ ಎರಡಕ್ಕೆ ಕೆಲಸ ಮುಗಿದ ಮೇಲೆ ತಾಯಿ ಮನೆಗೆ ಬಾರದೆ ನೇರ ಶಾಲೆಯ ಮೈದಾನಕ್ಕೆ ಹೋದಳು. ಅಭ್ಯಾಸ ಆಗಲೇ ಶುರುವಾಗಿತ್ತು. ನೆಗಡಿಯವರು ಬೆಂಚಿನ ಮೇಲೆ ಮೂಗು ಒರೆಸುತ್ತ ಕೂತಿದ್ದರು, ಉಳಿದವರು ಬಲೆಯ ಹತ್ತಿರ ಜಿಗಿಯುತ್ತಿದ್ದರು. ಡ್ರಿಲ್ ಮೇಷ್ಟ್ರು ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು, ಮಂಡಿನೋವಿಗೆ ಕಟ್ಟಿದ ಪಟ್ಟಿಯನ್ನು ಒತ್ತಿಕೊಳ್ಳುತ್ತ ನಿಂತಿದ್ದರು. ಅವಳನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು. ಈಚೆಗೆ ಅವಳು ಎಲ್ಲಿ ಅಚಾನಕ್ಕಾಗಿ ಕಾಣಿಸಿಕೊಂಡರೂ ಜನ ಹೀಗೆಯೇ ಹೆದರುತ್ತಿದ್ದರು.

"ಏನಿಲ್ಲ ಮೇಷ್ಟ್ರೇ, ಮಗಳು ಮನೇಲಿದಾಳೆ," ಎಂದಳು ಮೊದಲಿಗೆ. ಆಮೇಲೆ ವಿಷಯ ಹೇಳಿದಳು.

ಮೇಷ್ಟ್ರು ಸೀಟಿ ಊದಲಿಲ್ಲ, ಕೈ ಬೀಸಿ ಎಲ್ಲರನ್ನೂ ಕರೆದರು. ಅವರಿಗೆ ಸುಳ್ಳಿನ ವಿಚಾರ ಗೊತ್ತೇ ಇರಲಿಲ್ಲ. ಹುಡುಗಿಯರು ತಲೆ ತಗ್ಗಿಸಿ ನಿಂತರು. ಅವರಲ್ಲೊಬ್ಬಳು ಬಾಯಿ ಮುಚ್ಚದ ಹುಡುಗಿ, ರೇಡಿಯೊ ಎಂದು ಹೆಸರು, ಪಿನ್ನು ಜಾಗದಲ್ಲಿ ಈಗ ಸೆಟ್ಟರ್ ಆಗಿದ್ದವಳು. ಅವಳು ಚೀಲದಿಂದ ಒಂದು ನೋಟುಪುಸ್ತಕ ತೆಗೆದಳು.

"ಆಂಟಿ, ನಾವು ಹೇಳಿದ ಗೆಲುವೆಲ್ಲ ಇದ್ರಲ್ಲಿದೆ. ಒಬ್ಬೊಬ್ರು ಒಂದೊಂದು ಹೇಳಿ ಸಿಕ್ಕಿಬೀಳ್ಬಾರ್ದು ಅಂತ ನಾನೇ ಬರೆದಿಟ್ಟಿದ್ದೆ. ಬಸ್ಸಲ್ಲಿ ಬರ್ತಾ ಎಲ್ರೂ ಬಾಯಿಪಾಠ ಮಾಡ್ಕೊಂಡು ಬರ್ತಿದ್ವಿ."

"ಇಷ್ಟು ಶ್ರದ್ಧೆಯಿಂದ ಸರ್ವ್ ಮಾಡೋದು ಕಲ್ತಿದ್ರೆ ನಿಜವಾಗ್ಲೂ ಗೆಲ್ತಿದ್ರಲ್ಲೇ," ಎಂದರು ಮೇಷ್ಟ್ರು. ಯಾರೂ ನಗಲಿಲ್ಲ.

ಏಣಿ ಮುಂದೆ ಬಂದಳು. "ಆಂಟಿ, ಒಂದು ಮಾತು ಹೇಳ್ಲಾ? ನಮ್ಗೂ ಸಾಕಾಗಿತ್ತು. ಸೋತು ಅಳು ಬರ್ತಿರುತ್ತೆ, ನಿಮ್ಮನೆ ಗೇಟು ದಾಟ್ತಿದ್ದ ಹಾಗೆ ಕುಣೀಬೇಕು. ಹೋದ ವಾರ ಈ ರೇಡಿಯೊ ಕುಣೀತಾ ಕುಣೀತಾನೇ ಅತ್ಲು. ಖುಷಿಗೆ ಅಂತ ಹೇಳಿದ್ವಿ."

ತಾಯಿಗೆ ಆ ಹುಡುಗಿಯರ ಮೇಲೆ ಮೊದಲ ಸಲ ಅಂತಃಕರಣ ಉಕ್ಕಿತು. ಇಷ್ಟು ದಿನ ಅವರೆಲ್ಲ ಅವಳಿಗೆ ಉಪಕಾರ ಮಾಡುವವರಾಗಿದ್ದರು. ಈಗ ನೋಡಿದರೆ ಹದಿಮೂರು ಹದಿನಾಲ್ಕರ ಮಕ್ಕಳು, ಸವೆದ ಮಂಡಿಚೀಲ ಹಾಕಿಕೊಂಡು, ಅವಳ ಹಾಗೆಯೇ ದಣಿದು ನಿಂತಿದ್ದರು.

"ಇನ್ಮೇಲೆ ಕುಣೀಬೇಡಿ," ಎಂದಳು. "ನೆಗಡಿ ಇಲ್ದೋರು ಯಾರಿದೀರೋ ಬನ್ನಿ. ನಿಜ ಹೇಳಿ."

ನಾಲ್ವರು ಬಂದರು, ರೇಡಿಯೊ ಮತ್ತು ಇನ್ನು ಮೂವರು. ಗಂಟಲು ಕೆರೆಯುತ್ತಿದ್ದ ಏಣಿ ಗೇಟಿನ ಹೊರಗೇ ಉಳಿದಳು. ರೇಡಿಯೊ ಕಿಟಕಿಯ ಸರಳು ಹಿಡಿದು ಒಂದೇ ಉಸಿರಿಗೆ ಒಪ್ಪಿಸಿದಳು. ಏಳು ಮ್ಯಾಚು, ಏಳೂ ಸೋಲು. ಒಂದರಲ್ಲಿ ಇಪ್ಪತ್ತೈದು–ಒಂಬತ್ತು.

"ಒಂಬತ್ತಾ?" ಮಗಳು ಎದ್ದು ಕೂತಳು. "ಒಂಬತ್ತು ಹೇಗೆ ಆಗುತ್ತೆ? ಕಣ್ಮುಚ್ಕೊಂಡು ಆಡಿದ್ರೂ ಹತ್ತು ಬರುತ್ತೆ."

"ನಾನು ಎತ್ತಿಕೊಡೋದು ಸರಿಯಾಗಲ್ಲ ಪಿನ್ನು. ಬಲೆಗೇ ಹೋಗುತ್ತೆ."

"ತೋರ್ಸು."

ರೇಡಿಯೊ ಅಂಗಳದಲ್ಲಿ ನಿಂತು ಚೆಂಡನ್ನು ಮೇಲೆತ್ತಿದಳು. ಮಗಳು ಕಿಟಕಿಗೆ ಮುಖ ಒತ್ತಿ ನೋಡಿದಳು. "ಮೊಣಕೈ ಯಾಕೆ ಹಾಗೆ ಅಗಲ ಮಾಡ್ತೀಯ? ಕಾಲು ಮೊದ್ಲು ಬರ್ಬೇಕು, ಕೈ ಆಮೇಲೆ. ಇನ್ನೊಂದ್ಸಲ. ಅಯ್ಯೋ, ಅದಲ್ಲ." ಹತ್ತು ನಿಮಿಷ ಹೀಗೆ ಬೈದಳು. ನಡುವೆ ಒಮ್ಮೆ ಕೆಮ್ಮು ಬಂದು ನಿಲ್ಲಿಸಿ, ನೀರು ಕುಡಿದು ಮತ್ತೆ ಬೈದಳು. ಬೈಸಿಕೊಂಡ ರೇಡಿಯೊ ಮುಖ ಊದಿಸಿಕೊಂಡು, "ಸುಳ್ಳೇ ಹೇಳ್ಕೊಂಡಿದ್ರೆ ಚೆನ್ನಾಗಿತ್ತು, ಮರ್ಯಾದೆ ಆದ್ರೂ ಇರ್ತಿತ್ತು" ಎಂದಾಗ ಮಗಳು ನಕ್ಕಳು. ಗೇಟಿನ ಹೊರಗಿದ್ದ ಏಣಿಗೂ ಆ ನಗು ಕೇಳಿಸಿರಬೇಕು, ಅವಳು ತಲೆ ಎತ್ತಿ ನೋಡಿದಳು.

ಅವರು ಹೋದ ಮೇಲೆ ತಾಯಿ ಕೋಣೆಯಲ್ಲೇ ಸುಳಿದಾಡಿದಳು. ನೀರಿನ ಲೋಟ ಸರಿಯಿಟ್ಟಳು, ಚಪ್ಪಲಿ ಜೋಡಿಸಿದಳು. ಈಗ ಕೇಳುತ್ತಾಳೆ, ಈಗ ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡಳು. ಮಗಳ ಮುಖದಲ್ಲಿ ಇನ್ನೂ ಬೈದ ಕೆಂಪು ಉಳಿದಿತ್ತು. ಆದರೆ ತಾಯಿಯ ಕಡೆ ತಿರುಗಿದಾಗ ಅದು ಆರಿತು. "ಲೈಟು ಆರಿಸ್ತೀಯಾ ಅಮ್ಮ, ಕಣ್ಣು ಉರೀತಿದೆ" ಎಂದಳು ಅಷ್ಟೇ. ತಂಡದವರ ಸುಳ್ಳನ್ನು ಅವಳು ಬೈದು ತೀರಿಸಿಕೊಂಡಿದ್ದಳು. ಅಮ್ಮನನ್ನು ಬೈಯುವ ಗೋಜಿಗೇ ಹೋಗಲಿಲ್ಲ. ಹೊರಗೆ ಬಂದು ತಾಯಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು.

ಗುರುವಾರ ಬೆಳಿಗ್ಗೆ ಏಣಿಯ ಅಪ್ಪನ ಕಾರು ಬಂತು. ಆಸ್ಪತ್ರೆಯಲ್ಲಿ ಮಗಳಿಗೆ ನಾಲ್ಕನೇ ಮಹಡಿಯ ಹಗಲಿನ ವಾರ್ಡಿನಲ್ಲಿ ಮಂಚ ಕೊಟ್ಟು, ರಕ್ತ ತೆಗೆದುಕೊಂಡು ಹೋದರು. ಗಂಡ ಒಂದು ದಿನದ ರಜೆ ಹಾಕಿ ಬಂದಿದ್ದ. ಕಾಲಿನ ಹತ್ತಿರ ನಿಂತು ಮಂಚಕ್ಕೆ ಕಟ್ಟಿದ ಹಾಳೆಯನ್ನು ತನಗೆ ತಿಳಿದಷ್ಟು ಓದುತ್ತಿದ್ದ. ತಾಯಿ ಗೋಡೆಗೊರಗಿ ನಿಂತಿದ್ದಳು. ಮಗಳು ಅಡ್ಡವಾಗಿ ಮಲಗಿ ಇಡೀ ಮಂಚ ಹಿಡಿದಿದ್ದಳು, ಭಾನುವಾರದಿಂದ ಮನೆಯಲ್ಲೂ ಅವಳು ಹಾಗೆಯೇ ಮಲಗುತ್ತಿದ್ದಳು.

ಹನ್ನೊಂದರ ಹೊತ್ತಿಗೆ ಡಾಕ್ಟರಮ್ಮ ಬಂದರು. ಮಗಳ ಕೆನ್ನೆ ತಟ್ಟಿ, "ಹೇಗಿದೀಯ ಚಾಂಪಿಯನ್?" ಎಂದರು. ಆಮೇಲೆ ತಂದೆತಾಯಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಅಮ್ಮ, ಒಂದ್ನಿಮಿಷ ಹೊರಗೆ ಬರ್ತೀರಾ? ಸರ್, ನೀವೂ."

ಗಂಡ ಬಾಗಿಲಿಗೆ ಹೊರಟೇಬಿಟ್ಟ. ಮಗಳು ಯಾರನ್ನೂ ನೋಡಲಿಲ್ಲ. ಚಾವಣಿಯ ಫ್ಯಾನಿನ ಕಡೆ ಕಣ್ಣು ನೆಟ್ಟು, ಎಲ್ಲ ಮುಗಿದು ಇವರು ವಾಪಸು ಬಂದು ಏನೋ ಒಂದು ಹೇಳುತ್ತಾರೆ ಎಂದು ಕಾಯುವವಳಂತೆ ಮಲಗಿದ್ದಳು. ತಾಯಿ ಗೋಡೆ ಬಿಟ್ಟು ಎರಡು ಹೆಜ್ಜೆ ಹಾಕಿದವಳು ಅಲ್ಲೇ ನಿಂತಳು.

"ಇಲ್ಲೇ ಹೇಳಿ ಡಾಕ್ಟ್ರೇ."

"ಮಗು ಮುಂದೆ ಬೇಡಮ್ಮ. ಮೊದ್ಲು ನಾವು ಮಾತಾಡೋಣ, ಆಮೇಲೆ ಅವಳಿಗೆ ಹೇಗೆ ಹೇಳೋದು ಅಂತ..."

"ರೀ, ಬನ್ನಿ ಇಲ್ಲಿ," ಎಂದಳು ತಾಯಿ ಗಂಡನಿಗೆ. ಆಮೇಲೆ ಮಗಳ ಕಡೆ ತಿರುಗಿದಳು. ಡಾಕ್ಟರಮ್ಮ ಹೇಳುವುದಕ್ಕೂ ಮೊದಲು ತಾನು ಹೇಳಬೇಕಿತ್ತು, ತಡವಾಗಿ ಹೋದರೂ ತಾನೇ ಹೇಳಬೇಕಿತ್ತು. "ಹೋದ ಗುರುವಾರ ಫೋನ್ ಬಂದಿತ್ತು ಕಣೇ. ಚೆನ್ನಾಗಿದೆ ಅಂತ ಅವ್ರು ಹೇಳ್ಲಿಲ್ಲ. ಅದು ನಾನು ಹೇಳಿದ್ದು. ಕಾಯಿಲೆ ಮತ್ತೆ ಬಂದಿದೆಯಂತೆ."

ವಾರ್ಡಿನಲ್ಲಿ ಯಾವುದೋ ಯಂತ್ರ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಗಂಡ ಬಂದು ಮಂಚದ ಕಂಬಿ ಹಿಡಿದುಕೊಂಡ. ಮಗಳು ಫ್ಯಾನಿನಿಂದ ಕಣ್ಣು ಕಿತ್ತು ಅಮ್ಮನನ್ನು ನೋಡಿದಳು.

"ಎಷ್ಟಿದೆ?" ಎಂದಳು.

ತಾಯಿಗೆ ಗೊತ್ತಿರಲಿಲ್ಲ. "ನಂಗೆ ಗೊತ್ತಿಲ್ಲ," ಎಂದಳು.

ಡಾಕ್ಟರಮ್ಮ ಕೈಯಲ್ಲಿದ್ದ ಫೈಲನ್ನು ಎದೆಗೆ ಒತ್ತಿಕೊಂಡಿದ್ದರು. ಒಂದು ಗಳಿಗೆ ಯೋಚಿಸಿ ಅದನ್ನು ಬಿಚ್ಚಿದರು. "ನೂರು ಕಣದಲ್ಲಿ ಹನ್ನೊಂದು ಕೆಟ್ಟವು," ಎಂದರು ಮಗಳಿಗೇ. "ಐದಕ್ಕಿಂತ ಕಡಿಮೆ ಇರ್ಬೇಕಿತ್ತು."

"ಮೊದಲ್ನೇ ಸಲ ಎಂಬತ್ತಿತ್ತು."

"ಹೌದು, ಎಂಬತ್ತಿತ್ತು. ಆದ್ರೆ ವಾಪಸು ಬಂದದ್ದು ಮೊದಲಿಗಿಂತ ಹಟಮಾರಿ. ಬೇರೆ ಔಷಧ ಕೊಡ್ಬೇಕು, ಇನ್ನೂ ಜೋರಿನದು. ಈ ವರ್ಷ ಶಾಲೆಗೆ ಹೋಗೋಕಾಗಲ್ಲ."

"ಹೋಗುತ್ತಾ ಅದ್ರಲ್ಲಿ?"

"ಹೋಗಿಸೋಕೆ ನೋಡ್ತೀವಿ. ಹೋಗೇ ಹೋಗುತ್ತೆ ಅಂತ ನಾನು ಹೇಳೋಕಾಗಲ್ಲ."

ಮಗಳ ಕಣ್ಣಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು. ಅದನ್ನು ಅವಳು ಒರೆಸಿಕೊಳ್ಳಲಿಲ್ಲ. ಡಾಕ್ಟರಮ್ಮ ಪಕ್ಕದ ಮಂಚದ ಬಳಿಯಿದ್ದ ಸ್ಟೂಲು ಎಳೆದುಕೊಂಡು ಕೂತು, ಹೊಸ ಔಷಧದ ಹೆಸರನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆಯತೊಡಗಿದರು. ತಾಯಿ ನಿಂತಲ್ಲೇ ನಿಂತಿದ್ದಳು, ಕೈ ಎಲ್ಲಿಡಬೇಕೆಂದು ತಿಳಿಯದೆ.

ಮಗಳು ಮೊಣಕಾಲು ಮಡಚಿ, ಗೋಡೆಯ ಕಡೆ ಸ್ವಲ್ಪ ಸರಿದಳು. ಹಾಸಿಗೆಯ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.

"ಎಷ್ಟೊತ್ತು ನಿಂತಿರ್ತೀಯ," ಎಂದಳು.